ಅಂಕಿತ ಬೀಳದ ನಾಲ್ಕು ತಿಂಗಳು

ರಾಜ್ಯಪಾಲನ ಅವಧಿ ಮುಗಿಸಿ ದಾವಣಗೆರೆಗೆ ಮರಳಿದ ಮೇಲೆ, ಬೆಳಗಿನ ವಾಯುವಿಹಾರದ ನಂತರ ಬೆಣ್ಣೆದೋಸೆಗೆ ಕಾಯುತ್ತ ಕುಳಿತಾಗಲೆಲ್ಲ, ವಕೀಲಿಯ ಕಾಲದ ಹಿರಿಯ ಗೆಳೆಯರೊಬ್ಬರು ಕೇಳುವುದು ಒಂದೇ ಪ್ರಶ್ನೆ: "ಅಲ್ರೀ, ಅಷ್ಟು ವರ್ಷ ಅಲ್ಲಿ ಕೂತು ಬರೀ ಸಹಿ ಹಾಕಿದ್ದಾ ನೀವು?" ಹಾಕಿದ ಸಹಿಗಳಿಗಿಂತ ಹಾಕದೆ ಇಟ್ಟುಕೊಂಡ ಒಂದು ಸಹಿಯ ಬಗ್ಗೆ ನಾನು ಹೇಳಬೇಕಾದದ್ದು ಹೆಚ್ಚಿದೆ. ದೋಸೆ ಬರುವಷ್ಟರಲ್ಲಿ ಅದನ್ನು ವಿವರಿಸಲಾಗದೆಂದು ಇಲ್ಲಿ ಬರೆಯುತ್ತಿದ್ದೇನೆ.

1989ರ ಏಪ್ರಿಲ್‌ನಲ್ಲಿ ನಾನು ಇಲ್ಲಿನ ನ್ಯಾಯಾಲಯದಲ್ಲಿ ಕಿರಿಯ ವಕೀಲ. ಊರು ಆಗಿನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಎಸ್‌.ಆರ್‌. ಬೊಮ್ಮಾಯಿಯವರ ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡಿರುವುದಾಗಿ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಅವರಲ್ಲಿ 7 ಮಂದಿ ಮತ್ತೆ ಸರ್ಕಾರದ ಪರ ನಿಂತರೂ, ಸದನದಲ್ಲೇ ಬಹುಮತ ತೋರಿಸುತ್ತೇನೆಂದು ಮುಖ್ಯಮಂತ್ರಿ ಕೇಳಿಕೊಂಡರೂ, ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂದೇಬಿಟ್ಟಿತು. ಬಹುಮತ ತೀರ್ಮಾನವಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಹೇಳಿದಾಗ, ಅದನ್ನೇ ಐದು ವರ್ಷದಿಂದ ವಾದಿಸುತ್ತಿದ್ದ ನನಗೆ ನಾನೇ ಗೆದ್ದಷ್ಟು ಸಂತೋಷವಾಗಿತ್ತು. ರಾಜ್ಯಪಾಲನಿಗೆ ಅವಸರಕ್ಕಿಂತ ದೊಡ್ಡ ದೋಷವಿಲ್ಲ ಎಂಬ ನಂಬಿಕೆಯನ್ನು ಹೊತ್ತುಕೊಂಡೇ ಮುಂದೆ ನಾನೂ ಉತ್ತರದ ಒಂದು ರಾಜ್ಯಕ್ಕೆ ಹೋದೆ.

ಸಮಾರಂಭಗಳ ವಿಷಯದಲ್ಲಿ ಹೇಳುವಂಥದ್ದೇನಿಲ್ಲ. ಸಚಿವ ಸಂಪುಟ ಬರೆದುಕೊಟ್ಟ ಭಾಷಣವನ್ನು "ನನ್ನ ಸರ್ಕಾರ" ಎಂದು ಓದುವಾಗ ಮೊದಲ ವರ್ಷ ಹೆಮ್ಮೆಯಾಗುತ್ತದೆ, ಎರಡನೆಯ ವರ್ಷ ಗಂಟಲು ಒಣಗುತ್ತದೆ, ಅಷ್ಟೇ.

ಕೃಷಿ ಮಾರುಕಟ್ಟೆ ಸಮಿತಿಗಳಲ್ಲಿ ಹಮಾಲರಿಗೂ ಒಂದು ಸ್ಥಾನ ಮೀಸಲಿಡುವ ಮಸೂದೆಯ ಕಡತ ನನ್ನ ಮೇಜಿಗೆ ಬಂದಾಗ, ವಿಶ್ವವಿದ್ಯಾಲಯವೊಂದರ ಕುಲಪತಿ ನೇಮಕದ ವಿಚಾರದಲ್ಲಿ ನನಗೂ ಮುಖ್ಯಮಂತ್ರಿಗೂ ಮಾತು ಬಿಟ್ಟುಹೋಗಿತ್ತು. ಮಸೂದೆಯಲ್ಲಿ ದೋಷವೇನೂ ಇರಲಿಲ್ಲ. ನಮ್ಮ ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ಚೀಲ ಬೆನ್ನಿಗೇರಿಸಿಕೊಂಡು ಲಾರಿಯ ಹಲಗೆ ಹತ್ತುವವರನ್ನು ಚಿಕ್ಕಂದಿನಿಂದ ಕಂಡವನಿಗೆ ಅದು ಏಕೆ ಬೇಕೆಂದು ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಆದರೂ "ಹಮಾಲ" ಎಂಬ ಪದದ ವ್ಯಾಖ್ಯೆ ಸ್ಪಷ್ಟವಿಲ್ಲವೆಂದು ವಿವರಣೆ ಕೇಳಿದೆ. ವಿವರಣೆ ಬಂದ ಮೇಲೆ ಮತ್ತೊಂದನ್ನು ಕೇಳಿದೆ. ಕಡತದ ಅಂಚಿನಲ್ಲಿ ಮೂರು ಬಾರಿ, ಹಸಿರು ಶಾಯಿಯಲ್ಲಿ, ಆಗಷ್ಟೇ ರೂಢಿಯಾಗುತ್ತಿದ್ದ ಹಿಂದಿಯಲ್ಲಿ, "ವಿಚಾರಾಧೀನ" ಎಂದು ಷರಾ ಬರೆದೆ. ಕಾರ್ಯದರ್ಶಿಗಳು ಪ್ರತಿ ಸಲವೂ ಏನೂ ಹೇಳದೆ ಕಡತದ ದಾರ ಕಟ್ಟಿ ಒಯ್ದರು. ನಾಲ್ಕು ತಿಂಗಳು ಹೀಗೆಯೇ ಕಳೆದವು. ಇದಕ್ಕಾಗಿ ನನ್ನನ್ನು ಯಾವ ಪತ್ರಿಕೆಯೂ ಪ್ರಶ್ನಿಸಲಿಲ್ಲ, ಯಾವ ವಕೀಲರ ಸಂಘವೂ ನಿರ್ಣಯ ಮಾಡಲಿಲ್ಲ. ಅವಸರ ಮಾಡಿದವನ ಹೆಸರು ತೀರ್ಪಿನಲ್ಲಿ ಉಳಿಯುತ್ತದೆ, ತಡಮಾಡಿದವನದು ಕಡತದ ಅಂಚನ್ನೂ ದಾಟುವುದಿಲ್ಲ.

ಸಂವಿಧಾನದ 200ನೇ ವಿಧಿ ಮಸೂದೆಯನ್ನು ಹಿಂದಿರುಗಿಸುವುದಾದರೆ "ಸಾಧ್ಯವಾದಷ್ಟು ಬೇಗ" ಎನ್ನುತ್ತದೆಯೇ ಹೊರತು ದಿನಗಳ ಲೆಕ್ಕ ಹೇಳುವುದಿಲ್ಲ. ಮಸೂದೆಯನ್ನು ಅನಿರ್ದಿಷ್ಟ ಕಾಲ ಇಟ್ಟುಕೊಳ್ಳುವಂತಿಲ್ಲ ಎಂದು ಪಂಜಾಬಿನ ಪ್ರಕರಣದಲ್ಲಿ 2023ರ ನವೆಂಬರ್‌ನಲ್ಲಿ ತೀರ್ಪು ಬಂದಾಗ ನಾನು ಹುದ್ದೆಯಲ್ಲಿರಲಿಲ್ಲ. ತಮಿಳುನಾಡಿನ ಪ್ರಕರಣದಲ್ಲಿ 2025ರ ಏಪ್ರಿಲ್ 8ರಂದು ಇಬ್ಬರು ನ್ಯಾಯಮೂರ್ತಿಗಳು ಕಾಲಮಿತಿಯನ್ನೇ ಹಾಕಿದರು. ನ್ಯಾಯಾಲಯ ಅಂಥ ಮಿತಿ ವಿಧಿಸಲಾಗದು, ಆದರೆ ಕಾರಣವಿಲ್ಲದ ದೀರ್ಘ ವಿಳಂಬವನ್ನು ಪ್ರಶ್ನಿಸಬಹುದು ಎಂದು ಅದೇ ವರ್ಷದ ನವೆಂಬರ್‌ನಲ್ಲಿ ಐವರ ಪೀಠ ಅಭಿಪ್ರಾಯ ಕೊಟ್ಟಿತು. ವಕೀಲನಾಗಿ ನೋಡಿದರೆ ಐವರ ಪೀಠದ ಈ ಅಭಿಪ್ರಾಯವೇ ವಿಧಿಯ ಪದಗಳಿಗೆ ಹತ್ತಿರವೆನಿಸುತ್ತದೆ. ಆ ಮೇಜಿನ ಮುಂದೆ ಕುಳಿತಿದ್ದವನಾಗಿ ಹೇಳುವುದಾದರೆ, ದಿನಗಳ ಲೆಕ್ಕವೊಂದು ಇದ್ದಿದ್ದರೆ ನನ್ನ ಮುನಿಸು ಮೂವತ್ತನೆಯ ದಿನಕ್ಕೇ ಇಳಿಯುತ್ತಿತ್ತು.

ಕೊನೆಗೆ ಒಂದು ಸಂಜೆ, ಯಾರೂ ಕೇಳದಿದ್ದರೂ, ಕಡತ ತರಿಸಿಕೊಂಡು ಅಂಕಿತ ಹಾಕಿದೆ. ಅಷ್ಟರಲ್ಲಿ ಮಾರುಕಟ್ಟೆ ಸಮಿತಿಗಳ ಚುನಾವಣೆ ಹಳೆಯ ನಿಯಮದಂತೆಯೇ ಮುಗಿದು ಹದಿನೈದು ದಿನಗಳಾಗಿದ್ದವು. ಹಮಾಲರು ತಮ್ಮ ಸ್ಥಾನಕ್ಕೆ ಇನ್ನೂ ಐದು ವರ್ಷ ಕಾಯಬೇಕಿತ್ತು.