ಭೂಕಂಪಕ್ಕೆ ಟೈಮ್ ಕೊಡುವವರು
ಪಾಂಡವಪುರ ಕಡೆ ನೆಲದಿಂದ ದೊಡ್ಡ ಸದ್ದು ಕೇಳಿದರೆ ಸಾಕು, 'ಇವತ್ತು ರಾತ್ರಿ ಭೂಕಂಪ' ಅಂತ ವಾಟ್ಸಾಪ್‌ನಲ್ಲಿ ಟೈಮ್ ಸಮೇತ ಮೆಸೇಜ್ ಓಡಾಡುತ್ತದೆ. ಹಾಗೆ ಗಂಟೆ ಹೇಳುವ ವಿಜ್ಞಾನ ಇನ್ನೂ ಯಾರ ಹತ್ತಿರವೂ ಇಲ್ಲ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ 1993ರೊಳಗೆ ಆಗುತ್ತದೆ ಅಂತ ಉಪಕರಣ ಇಟ್ಟು ಕಾದರು. ಅದು ಬಂದಿದ್ದು 2004ರಲ್ಲಿ!

ಜಪಾನಿನವರೇ ವಾಸಿ. 1923ರ ಭೂಕಂಪ ದುರಂತದ ನೆನಪಿಗೆ ಪ್ರತಿ ಸೆಪ್ಟೆಂಬರ್ 1ರಂದು ಅಣಕು ಕವಾಯತು ಮಾಡುತ್ತಾರೆ. ಮಕ್ಕಳು ಮೇಜಿನ ಕೆಳಗೆ ನುಗ್ಗಿ, ಅದರ ಕಾಲು ಗಟ್ಟಿಯಾಗಿ ಹಿಡಿದು ಕೂರುತ್ತಾರೆ.

ಮಂಡ್ಯಕ್ಕೆ ಅಪಾಯ ಕಡಿಮೆ ಅಂತ ನಾವು ಆರಾಮಾಗಿದ್ದೇವೆ. 1993ರ ಸೆಪ್ಟೆಂಬರ್ 30ರಂದು ಭೂಕಂಪ ಆಗುವವರೆಗೆ ಮಹಾರಾಷ್ಟ್ರದ ಲಾತೂರ್ ಕಡೆಯವರೂ ಹಾಗೇ ಇದ್ದರು, ಅಲ್ವಾ?

ನಮ್ಮ ಮನೆ ಅಟ್ಟದ ಹಿತ್ತಾಳೆ ಹಂಡೆ ಮಂಚದ ನೇರಕ್ಕೇ ಇದೆ. ಭಾನುವಾರ ಇಳಿಸಬೇಕು. ಅಮ್ಮ ಒಪ್ಪಿದರೆ.