ಮೊದಲ ವಾರದಲ್ಲಿ ನಾನೀಗ ಆ ನೋಟ್‌ಬುಕ್ ಕೊಡುವುದಿಲ್ಲ

ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿ ಸೇರಿದ ಹೊಸತರಲ್ಲಿ ನನಗೊಂದು ಅಭ್ಯಾಸವಿತ್ತು. ಯಾರೇ ದಾಖಲಾಗಲಿ, ಮಾರನೇ ದಿನವೇ ಅವರ ಕೈಗೆ ಒಂದು ನೋಟ್‌ಬುಕ್ ಕೊಡುತ್ತಿದ್ದೆ. ರಾತ್ರಿ ಮಲಗುವ ಮುಂಚೆ, ತಮಗೆ ಕೃತಜ್ಞತೆ ಅನ್ನಿಸಿದ ಮೂರು ಸಂಗತಿ ಬರೆಯಬೇಕು. ಬೆಳಿಗ್ಗೆ ಗುಂಪಿನಲ್ಲಿ ಅದನ್ನು ಓದಬೇಕು.

ಇದಕ್ಕೆ ಆಧಾರವಿದೆ ಎಂಬ ಧೈರ್ಯವೂ ಇತ್ತು. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೃತಜ್ಞತೆಯ ಪಟ್ಟಿ ಬರೆದವರು ದಿನದ ಕಿರಿಕಿರಿಗಳನ್ನು ಬರೆದವರಿಗಿಂತ ನೆಮ್ಮದಿಯಾಗಿದ್ದರು. ಆದರೆ ಅದರಲ್ಲಿ ಭಾಗವಹಿಸಿದವರು ಕಾಲೇಜು ವಿದ್ಯಾರ್ಥಿಗಳು, ಮತ್ತು ನರ-ಸ್ನಾಯು ಕಾಯಿಲೆ ಇದ್ದವರು. ಕುಡಿತ ಬಿಟ್ಟು ಮೂರನೇ ದಿನ ಕೈ ನಡುಗುತ್ತಾ ಕೂತವರ ಮೇಲೆ ನಡೆದ ಅಧ್ಯಯನ ಅದಾಗಿರಲಿಲ್ಲ. ಆ ವ್ಯತ್ಯಾಸವನ್ನು ನಾನು ಗಮನಕ್ಕೇ ತಂದುಕೊಳ್ಳಲಿಲ್ಲ.

ನನ್ನ ಕಣ್ಣು ತೆರೆಸಿದವರು ಒಬ್ಬ ತಂದೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಬರೆಯುತ್ತಿದ್ದೇನೆ. ಹನ್ನೊಂದು ದಿನವೂ ಅವರ ಪುಟದಲ್ಲಿ ಇದ್ದದ್ದು ಒಂದೇ: 'ಹೆಂಡತಿ. ಮಗಳು. ಈ ಕೇಂದ್ರ.' ಚೆನ್ನಾಗಿ ಬರೆದಿದ್ದೀರಿ ಎಂದು ಎಲ್ಲರೆದುರು ಹೊಗಳಿದ್ದೆ. ಬಿಡುಗಡೆಯಾದ ಮೂರನೇ ವಾರಕ್ಕೆ ಮತ್ತೆ ಕುಡಿದರು. ಕೆಲವು ತಿಂಗಳ ನಂತರ ತಾವಾಗಿಯೇ ಬಂದು ದಾಖಲಾದರು. ಹಳೆಯ ನೋಟ್‌ಬುಕ್ ಬಗ್ಗೆ ಕೇಳಿದಾಗ ಹೇಳಿದರು: "ಮೇಡಂ, ಅದನ್ನ ನಿಮಗೋಸ್ಕರ ಬರೀತಿದ್ದೆ. ನನಗೆ ಆಗ ಏನೂ ಅನ್ನಿಸ್ತಾನೇ ಇರ್ಲಿಲ್ಲ. ಮಗಳು ಬಂದು ಪಕ್ಕದಲ್ಲಿ ಕೂತ್ರೂ ಏನೂ ಅನ್ನಿಸ್ಲಿಲ್ಲ. ಬೇರೆಯವರು ಓದೋದು ಕೇಳಿ, ನನ್ನ ಮನಸ್ಸೇ ಸತ್ತೋಗಿದೆ ಅಂದ್ಕೊಂಡೆ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ಅವರಿಗೆ ಆದದ್ದಕ್ಕೆ ಕಾರಣ ನನಗೆ ಗೊತ್ತಿತ್ತು, ತರಬೇತಿಯಲ್ಲೇ ಕಲಿತಿದ್ದೆ. ಬಹಳ ಕಾಲ ಕುಡಿದವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ನಡುವೆ ಸನ್ನಿಯೂ ಹಿಡಿಯಬಹುದು. ಅದಕ್ಕೇ ವೈದ್ಯರ ಕಣ್ಗಾವಲು ಬೇಕು. ಇಷ್ಟನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತೇವೆ. ನಡುಕ ನಿಂತ ಮೇಲಿನ ಕಾಲವನ್ನು ಮರೆಯುತ್ತೇವೆ. ವರ್ಷಗಟ್ಟಲೆ ಅಮಲಿಗೆ ಒಗ್ಗಿಹೋದ ಮಿದುಳಿನಲ್ಲಿ ಡೋಪಮೈನ್ ವ್ಯವಸ್ಥೆ, ಅಂದರೆ ಖುಷಿ, ಆಸೆಗಳಿಗೆ ಸ್ಪಂದಿಸುವ ಏರ್ಪಾಡು, ಮಂಕಾಗಿರುತ್ತದೆ. ಊಟ, ಹಾಡು, ಮಗುವಿನ ನಗು, ಯಾವುದೂ ಒಳಗೆ ಇಳಿಯುವುದಿಲ್ಲ. ಈ ಜಡತೆ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಇರುತ್ತದೆ, ನಿದ್ದೆಯೂ ಅಷ್ಟು ಬೇಗ ಸರಿಹೋಗುವುದಿಲ್ಲ. ಅಂಥವರ ಮುಂದೆ ನೋಟ್‌ಬುಕ್ ಇಟ್ಟು 'ಏನು ಅನ್ನಿಸಿತು ಬರೆಯಿರಿ' ಎಂದು ಕೇಳಿದ್ದೆ, ಕಾಲು ಮುರಿದವರನ್ನು ನಡೆದು ತೋರಿಸಿ ಎಂದ ಹಾಗೆ. ಮೊದಲೇ ನಾಚಿಕೆಯಲ್ಲಿ ಮುಳುಗಿದ್ದವರಿಗೆ ಇನ್ನೊಂದು ನಾಚಿಕೆ ಸೇರಿಸಿದ್ದೆ.

ಜೊತೆಗೆ ಮನೆಯವರ ಮಾತು ಬೇರೆ. 'ಇಷ್ಟೆಲ್ಲ ಮಾಡಿದ್ದೇವೆ, ಆ ಋಣವಾದರೂ ನೆನಪಿರಲಿ' ಎನ್ನುತ್ತಾರೆ. ಅವರ ನೋವು ಸುಳ್ಳಲ್ಲ, ಅವರೂ ಬಹಳ ಸಹಿಸಿರುತ್ತಾರೆ. ಆದರೂ ಆ ಮಾತು ಕಿವಿಗೆ ಬೀಳುವುದು ಸಾಲ ಕೊಟ್ಟವನ ತಗಾದೆಯ ಹಾಗೆ.

ನನಗೆ ದಾರಿ ತೋರಿಸಿದ್ದು 'ಕೃತಜ್ಞ' ಎಂಬ ಪದವೇ. ಕೃತ ಅಂದರೆ ಮಾಡಿದ್ದು, ಜ್ಞ ಅಂದರೆ ಬಲ್ಲವನು. ಮಾಡಿದ್ದನ್ನು ಬಲ್ಲವನು, ಅಷ್ಟೇ. ಎದೆ ತುಂಬಿ ಬರಬೇಕೆಂದು ಆ ಪದದಲ್ಲಿ ಎಲ್ಲೂ ಇಲ್ಲ. ಹಾಗಾಗಿ ಈಗ ಮೊದಲ ವಾರ ನಿದ್ದೆ, ಊಟ, ಔಷಧಿ ಬಿಟ್ಟು ಬೇರೇನೂ ಕೇಳುವುದಿಲ್ಲ. ಆಮೇಲೆ ನೋಟ್‌ಬುಕ್ ಕೊಟ್ಟಾಗಲೂ ಒಂದೇ ಪ್ರಶ್ನೆ: ಇವತ್ತು ಯಾರು ಏನು ಮಾಡಿದರು? 'ರಾತ್ರಿ ಪಾಳಿಯ ಸಿಸ್ಟರ್ ಎರಡು ಸಲ ಬಂದು ನಾಡಿ ನೋಡಿದರು.' 'ಪಕ್ಕದ ಹಾಸಿಗೆಯವರು ಫ್ಯಾನ್ ಕಡಿಮೆ ಮಾಡಿದರು.' ಏನೂ ಅನ್ನಿಸದಿದ್ದರೂ ಪರವಾಗಿಲ್ಲ, ನಡೆದದ್ದನ್ನು ಬರೆದರೆ ಸಾಕು. ಎದುರಿನ ಪುಟ ಸಿಟ್ಟಿಗೆ, ಕಳೆದುಕೊಂಡದ್ದಕ್ಕೆ. ಅದನ್ನು ನಾನು ಓದುವುದಿಲ್ಲ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ, 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಹೆಜ್ಜೆಗಳಲ್ಲೂ ಕೃತಜ್ಞತೆಯ ಹೆಸರಿನ ಹೆಜ್ಜೆ ಇಲ್ಲ. ತನ್ನನ್ನು ತಾನೇ ನಿರ್ಭಯವಾಗಿ ಪರೀಕ್ಷಿಸಿಕೊಳ್ಳುವ ಹೆಜ್ಜೆಯಿದೆ, ನೋಯಿಸಿದವರ ಪಟ್ಟಿ ಮಾಡಿ ಸರಿಪಡಿಸುವ ಹೆಜ್ಜೆಗಳಿವೆ.

ಇದರಿಂದ ನಾನು ಎಣಿಸಿರದ ಒಂದು ಉಪಯೋಗವೂ ಆಯಿತು. ಕುಡಿಯಬೇಕೆಂಬ ಸೆಳೆತ ಅಲೆಯ ಹಾಗೆ ಏರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ಯಾರಿಗೆ ಫೋನ್ ಮಾಡಲಿ ಎಂದು ಹೊಳೆಯುವುದಿಲ್ಲ. ನೋಟ್‌ಬುಕ್ ತೆರೆದರೆ ಹೆಸರುಗಳು ಅಲ್ಲೇ ಇರುತ್ತವೆ.

ಆ ತಂದೆ ಎರಡನೇ ಸಲ ದಾಖಲಾಗಿ ಐದನೇ ವಾರ. ಒಂದು ಸಂಜೆ ತಾವಾಗಿಯೇ ಬಂದು ಪುಟ ತೆರೆದು ನನ್ನ ಮುಂದಿಟ್ಟರು. 'ಮಗಳು ಬಂದಳು. ಇಪ್ಪತ್ತು ನಿಮಿಷ ಕೂತಳು. ಜಾಸ್ತಿ ಮಾತಾಡಲಿಲ್ಲ. ಹೋಗುವಾಗ ನನ್ನ ಬಾಟಲಿಗೆ ನೀರು ತುಂಬಿಸಿಟ್ಟಳು.' ಕೊನೆಯ ಸಾಲಿನ ಶಾಯಿ ಒಂದು ಕಡೆ ಕದಡಿತ್ತು.

"ಇದನ್ನ ಗುಂಪಲ್ಲಿ ಓದಲ್ಲ ಮೇಡಂ," ಅಂದರು.

"ಬೇಡ," ಅಂದೆ.