412ನೇ ಸಾಲು

ಬೆಳಿಗ್ಗೆ ಬಂದ ಲಾಗ್‌ನಲ್ಲಿ, ಅಂದರೆ ಯಂತ್ರ ತಾನೇ ಬರೆದಿಡುವ ದಾಖಲೆಯಲ್ಲಿ, ಒಂದು ಎಚ್ಚರಿಕೆ.
ಲಿನಕ್ಸ್ ಕರ್ನೆಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ವಾಡಿಕೆಯಂತೆ ಮೊದಲು ‘ಇಲ್ಲಿ ಕತ್ತರಿಸಿ’ ಎಂಬ ಅರ್ಥದ ಗೆರೆ. ಆಮೇಲೆ ಫೈಲಿನ ಹೆಸರು, ಸಾಲು 412, ಸಿಪಿಯು ಸಂಖ್ಯೆ, ರಿಜಿಸ್ಟರ್‌ಗಳು (ಆ ಕ್ಷಣ ಸಿಪಿಯು ಒಳಗಿದ್ದ ಸಂಖ್ಯೆಗಳು), ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಉದ್ದನೆಯ ಪಟ್ಟಿ.
ಎಲ್ಲವೂ ಇದೆ. ಏನಾಯಿತು ಎಂಬುದೊಂದೇ ಇಲ್ಲ.

ನನ್ನ ಬಳಿಯ ಕೋಡ್‌ನಲ್ಲಿ 412ನೇ ಸಾಲು ಖಾಲಿ. ಆ ಯಂತ್ರದಲ್ಲಿದ್ದದ್ದು ಹಳೆಯ ಆವೃತ್ತಿ. ಅದನ್ನು ಹುಡುಕಿ ತೆಗೆದರೆ ಒಂದೇ ‘ವಾರ್ನ್ ಆನ್’ (ಷರತ್ತು ನಿಜವಾದರೆ ಎಚ್ಚರಿಕೆ ಬರೆಸುವ ಆದೇಶ) ಒಳಗೆ ಎರಡು ಷರತ್ತು: ಬಫರ್ (ಮಾಹಿತಿ ಇಡುವ ಜಾಗ) ಇಲ್ಲದಿದ್ದರೆ, ಅಥವಾ ಮಾಹಿತಿಯ ಉದ್ದ ಮಿತಿ ಮೀರಿದ್ದರೆ.
ಎರಡರಲ್ಲಿ ಯಾವುದು?
ರಿಜಿಸ್ಟರ್‌ಗಳ ಹದಿನಾರಂಕಿಯ ಸಂಖ್ಯೆಗಳನ್ನು ಒಂದೊಂದಾಗಿ ನೋಡುತ್ತಾ ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಮಿತಿ 4096, ಬಂದಿದ್ದ ಉದ್ದ 4100.

ಆ ಕ್ಷಣದಲ್ಲಿ ಎರಡೂ ಸಂಖ್ಯೆಗಳು ಕರ್ನೆಲ್‌ನ ಕೈಯಲ್ಲೇ ಇದ್ದವು. ಹೇಳು ಎಂದು ಯಾರೂ ಹೇಳಿರಲಿಲ್ಲ, ಅಷ್ಟೇ. ಇದು ನನ್ನನ್ನು ದಿನವಿಡೀ ಕಾಡಿತು.

ಸಂಜೆ ಆ ಷರತ್ತನ್ನು ಒಡೆದು ಎರಡು ಮಾಡಿದೆ. ಈಗ ಎರಡನೆಯದು ಉದ್ದವನ್ನೂ ಮಿತಿಯನ್ನೂ ಅಕ್ಕಪಕ್ಕ ಬರೆಯುತ್ತದೆ. ಲಾಗ್ ತುಂಬಿಹೋಗದಂತೆ, ಒಮ್ಮೆ ಮಾತ್ರ.
ಕೆಲವರು ಎಚ್ಚರಿಕೆ ಬಂದೊಡನೆ ಯಂತ್ರವೇ ನಿಲ್ಲುವಂತೆ ಹೊಂದಿಸಿರುತ್ತಾರೆ. ಅವರ ಪಾಲಿಗೆ ಉಳಿಯುವ ಕೊನೆಯ ಮಾತು ಇದೇ ಇರಬಹುದು. ನಡುರಾತ್ರಿ, ಎಲ್ಲೋ ಒಬ್ಬರು, ನಿದ್ದೆಗಣ್ಣಿನಲ್ಲಿ ಓದುವ ಮಾತು.

ಹಾಗಾಗಿ ಆ ಒಂದು ಸಾಲನ್ನು ನಾಲ್ಕು ಸಲ ತಿದ್ದಿ ಬರೆದೆ. ಈಗಷ್ಟೇ ಪರಿಶೀಲನೆಗೆ ಕಳುಹಿಸಿದ್ದೇನೆ.